ಅಂಬಾಸಿಡರ್: 65 ದಾಟಿದರೆ ನೆಲದಿಂದ ನಡುಕ. ಟೈರಾ, ಪ್ರಾಪೆಲ್ಲರ್ ಶಾಫ್ಟಾ, ಡಿಫರೆನ್ಷಿಯಲ್ಲಾ?

ಹಳೇ ಅಂಬಿ, ತುಮಕೂರು

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯದು 1986ರ ಅಂಬಾಸಿಡರ್ ಮಾರ್ಕ್ 4. ಮೂಲದ 1489 ಸಿಸಿ ಎಂಜಿನ್ ಇಳಿಸಿ ಇಸುಜು 1.8 ಪೆಟ್ರೋಲ್ ಎಂಜಿನ್ ಮತ್ತು ಅದರದ್ದೇ 5 ಗೇರಿನ ಬಾಕ್ಸ್ ಕೂರಿಸಿದೆ. ಆರ್‌ಸಿಯಲ್ಲೂ ಬದಲಾವಣೆ ಬರೆಸಿ ಆಗಿದೆ. ಊರೊಳಗೆ ಗಾಡಿ ತುಂಬಾ ಚೆನ್ನಾಗಿ ಓಡುತ್ತದೆ. ಹೆದ್ದಾರಿ 48ರಲ್ಲಿ ಶಿರಾ ಕಡೆ ಹೊರಟಾಗ ತೊಂದರೆ ಶುರು. 65 ದಾಟುತ್ತಿದ್ದಂತೆ ಕಾಲ ಕೆಳಗೆ ನೆಲ ಗುಂಯ್ ಅನ್ನುತ್ತದೆ. 80ಕ್ಕೆ ಬಂದರೆ ಒಳಗಿನ ಕನ್ನಡಿಯಲ್ಲಿ ಹಿಂದಿನ ಲಾರಿ ಮಸುಕಾಗುತ್ತದೆ, ಗೇರ್ ಲಿವರ್ ನಡುಗುತ್ತದೆ. ಸ್ಟೇರಿಂಗ್ ಮಾತ್ರ ಶಾಂತ. ಆಕ್ಸಲರೇಟರ್ ಒತ್ತಿದಾಗ ಇದರ ಜೊತೆ ಇನ್ನೊಂದು ದಪ್ಪ ಗದ್ದಲ ಬರುತ್ತದೆ.

ಟೈರ್ ನಾಲ್ಕೂ ಹೊಸವು. ಚಕ್ರದ ಬ್ಯಾಲೆನ್ಸಿಂಗ್, ಅಲೈನ್‌ಮೆಂಟ್ ಆಗಿದೆ. ಗ್ಯಾರೇಜಿನವರು ಡಿಫರೆನ್ಷಿಯಲ್ (ಹಿಂದಿನ ಆಕ್ಸಲ್ ನಡುವಿನ ಗೇರಿನ ಡಬ್ಬಿ) ಬಿಚ್ಚಿ ಅದರೊಳಗಿನ ಹಲ್ಲಿನ ಜೋಡಿ, ಕ್ರೌನ್ ಪಿನಿಯನ್, ಬದಲಾಯಿಸೋಣ ಅನ್ನುತ್ತಿದ್ದಾರೆ. ಖರ್ಚು ಮಾಡೋಕೆ ಹಿಂದೆ ನೋಡುವುದಿಲ್ಲ, ಆದರೆ ಅದೇ ಕಾರಣ ಅಂತ ಗೊತ್ತಾಗಬೇಕಲ್ವಾ? ಅನುಭವ ಇರುವವರು ಹೇಳಿ.

ಲೇತ್ ಮನೆ, ಹುಬ್ಬಳ್ಳಿ

ದಯವಿಟ್ಟು ಡಿಫರೆನ್ಷಿಯಲ್ ಈಗಲೇ ಬಿಚ್ಚಿಸಬೇಡಿ. ಕ್ರೌನ್ ಪಿನಿಯನ್ ಸವೆದರೆ ಬರುವುದು ಕೂಗು. ಸಣ್ಣ ದನಿಯಲ್ಲಿ ಊಳಿಟ್ಟ ಹಾಗೆ ಕೇಳುತ್ತದೆ, ಆಕ್ಸಲರೇಟರ್ ಒತ್ತಿದಾಗ ಒಂದು ರಾಗ, ಬಿಟ್ಟಾಗ ಇನ್ನೊಂದು. ಕನ್ನಡಿ ಮಸುಕಾಗುವ ಮಟ್ಟದ ನಡುಕ ಹಲ್ಲಿನಿಂದ ಬರುವುದು ಅಪರೂಪ. ಚೆನ್ನಾಗಿ ಕೂತಿರುವ ಹಳೇ ಕ್ರೌನ್ ಪಿನಿಯನ್ ಬಿಚ್ಚಿ, ಬ್ಯಾಕ್‌ಲ್ಯಾಶ್ (ಹಲ್ಲುಗಳ ನಡುವಿನ ಸಡಿಲ) ಸರಿಯಾಗಿ ಹೊಂದಿಸದೆ ಹೊಸದು ಹಾಕಿದರೆ ಇಲ್ಲದ ಕೂಗು ಶುರುವಾಗುತ್ತದೆ.

ಮೊದಲು ನಾಲ್ಕು ವಿಷಯ ಹೇಳಿ.

ಎಂಜಿನ್ ಬದಲಾಯಿಸಿದಾಗ ಪ್ರಾಪೆಲ್ಲರ್ ಶಾಫ್ಟ್ (ಗೇರ್‌ಬಾಕ್ಸಿನಿಂದ ಹಿಂದಿನ ಆಕ್ಸಲ್‌ಗೆ ಹೋಗುವ ಉದ್ದ ಕೊಳವೆ) ಕತ್ತರಿಸಿ ಬೆಸುಗೆ ಹಾಕಿಸಿದ್ದರಾ? ಹಾಕಿದ ಮೇಲೆ ಶಾಫ್ಟಿಗೆ ಬ್ಯಾಲೆನ್ಸಿಂಗ್ ಮಾಡಿಸಿದ್ದರಾ?

ಖಾಲಿ, ನೇರ ರಸ್ತೆಯಲ್ಲಿ 80ಕ್ಕೆ ಹೋಗಿ ನ್ಯೂಟ್ರಲ್‌ಗೆ ಹಾಕಿದರೆ ನಡುಕ ಉಳಿಯುತ್ತದಾ? ಎಂಜಿನ್ ಐಡಲ್‌ನಲ್ಲೇ ಓಡಲಿ, ಕೀ ಆಫ್ ಮಾಡಬೇಡಿ. ಇಳಿಜಾರಿನಲ್ಲಿ ಈ ಪರೀಕ್ಷೆ ಬೇಡ.

ಅದೇ ವೇಗದಲ್ಲಿ ನಾಲ್ಕನೇ ಗೇರಿನಿಂದ ಐದಕ್ಕೆ ಹಾಕಿದರೆ ನಡುಕ ಬದಲಾಗುತ್ತದಾ? ನಾಲ್ಕನೇ ಗೇರು ನೇರ ಗೇರು. ಎಂಜಿನ್ನೂ ಶಾಫ್ಟೂ ಒಂದೇ ವೇಗದಲ್ಲಿ ತಿರುಗುತ್ತವೆ, ಹಾಗಾಗಿ ಯಾವುದರ ನಡುಕ ಅಂತ ಬೇರೆ ಮಾಡೋಕೆ ಆಗುವುದಿಲ್ಲ. ಐದರಲ್ಲಿ ಶಾಫ್ಟ್ ಅಷ್ಟೇ ತಿರುಗುತ್ತದೆ, ಎಂಜಿನ್ ಮಾತ್ರ ಕೆಳಗಿಳಿಯುತ್ತದೆ.

ಕೊನೆಯದು, ಗಾಡಿ ನಿಲ್ಲಿಸಿ ನ್ಯೂಟ್ರಲ್‌ನಲ್ಲಿ ಎಂಜಿನ್ 3000 ಸುತ್ತಿಗೆ ಏರಿಸಿದರೆ ಅದೇ ನಡುಕ ಬರುತ್ತದಾ?

ಕಡಲ ರಸ್ತೆ, ಮಂಗಳೂರು

ಟೈರ್ ಹೊಸದು ಅಂದ ಮಾತ್ರಕ್ಕೆ ಬಿಡಬೇಡಿ. ಹಳೇ ಗಾಡಿಗಳು ಶೆಡ್ಡಿನಲ್ಲಿ ಜಾಸ್ತಿ ದಿನ ನಿಲ್ಲುತ್ತವೆ. ನೈಲಾನ್ ಟೈರ್ ಆದರೆ ನೆಲಕ್ಕೆ ತಾಗಿದ ಜಾಗ ಚಪ್ಪಟೆಯಾಗುತ್ತದೆ, ಬಿಸಿಯಾಗುವವರೆಗೆ ಕುಣಿಯುತ್ತದೆ. ಮತ್ತೆ ಬ್ಯಾಲೆನ್ಸಿಂಗ್ ಯಂತ್ರದಲ್ಲಿ ಚಕ್ರ ಒಂದೇ ಕೂರುತ್ತದೆ. ಗಾಡಿಯಲ್ಲಿ ಅದರ ಜೊತೆ ಬ್ರೇಕ್ ಡ್ರಮ್ಮೂ ತಿರುಗುತ್ತದೆ. ಡ್ರಮ್ಮಿನ ತೂಕ ಒಂದು ಕಡೆ ವಾಲಿದ್ದರೆ ಯಂತ್ರಕ್ಕೆ ಗೊತ್ತೇ ಆಗುವುದಿಲ್ಲ.

ಹಳೇ ಅಂಬಿ, ತುಮಕೂರು

ಹುಬ್ಬಳ್ಳಿ ಸರ್, ಎಲ್ಲಾ ನೋಡಿ ಬಂದೆ. ನ್ಯೂಟ್ರಲ್‌ಗೆ ಹಾಕಿದರೂ ಮುಖ್ಯ ನಡುಕ ಹಾಗೇ ಇದೆ. ದಪ್ಪ ಗದ್ದಲ ಮಾತ್ರ ಹೋಗುತ್ತದೆ. ನಾಲ್ಕು ಮತ್ತು ಐದನೇ ಗೇರಿಗೆ ವ್ಯತ್ಯಾಸ ಇಲ್ಲ. ನಿಂತಲ್ಲೇ 3000ಕ್ಕೆ ಏರಿಸಿದರೆ ಗಾಡಿ ನಯವಾಗಿದೆ. ಶಾಫ್ಟ್ ಕತ್ತರಿಸಿದ್ದು ನಿಜ. ಹೊಸ ಗೇರ್‌ಬಾಕ್ಸ್ ಉದ್ದ ಅಂತ ಒಂದು ಲೇತ್ ಅಂಗಡಿಯಲ್ಲಿ ಗಿಡ್ಡ ಮಾಡಿ ಬೆಸುಗೆ ಹಾಕಿಸಿದ್ದರು. ಬ್ಯಾಲೆನ್ಸಿಂಗ್ ಮಾಡಿಸಿದ ಬಿಲ್ ಎಲ್ಲೂ ಇಲ್ಲ.

ಲೆಕ್ಕದ ಮನುಷ್ಯ, ಮೈಸೂರು

ಒಳ್ಳೆಯ ಪರೀಕ್ಷೆಗಳು. ಎಂಜಿನ್ ಮತ್ತು ಕ್ಲಚ್ ಮೇಲಿನ ಅನುಮಾನ ಹೋಯಿತು. ಇನ್ನು ಗೇರ್‌ಬಾಕ್ಸಿನ ಹಿಂದಕ್ಕೆ ಇರುವುದನ್ನು ಲೆಕ್ಕ ಹಾಕಿ ಬೇರೆ ಮಾಡಬಹುದು. ಯಾವ ಭಾಗ ಸೆಕೆಂಡಿಗೆ ಎಷ್ಟು ಸುತ್ತು ತಿರುಗುತ್ತದೋ, ಆ ಭಾಗದ ದೋಷ ಅಷ್ಟೇ ಸಲ ಗಾಡಿಯನ್ನು ತಟ್ಟುತ್ತದೆ. ತಟ್ಟುವ ಸಂಖ್ಯೆ ಗೊತ್ತಾದರೆ ಭಾಗ ಗೊತ್ತಾದ ಹಾಗೆ.

ಇದಕ್ಕೆ ನಿಮ್ಮ ಗಾಡಿಯ ಎರಡು ಅಳತೆ ಬೇಕು. ಹಿಂದಿನ ಟೈರಿಗೂ ನೆಲಕ್ಕೂ ಸೀಮೆಸುಣ್ಣದ ಗುರುತು ಹಾಕಿ, ಗಾಡಿಯನ್ನು ಚಕ್ರದ ಒಂದು ಸುತ್ತು ತಳ್ಳಿ, ದೂರ ಅಳೆಯಿರಿ. ಆಮೇಲೆ ಹಿಂದಿನ ಆಕ್ಸಲ್ ಸ್ಟ್ಯಾಂಡ್ ಮೇಲೆ ಇಟ್ಟು, ಗೇರು ನ್ಯೂಟ್ರಲ್ ಮಾಡಿ, ಎರಡೂ ಚಕ್ರ ಒಟ್ಟಿಗೆ 10 ಸುತ್ತು ತಿರುಗಿಸಿ ಶಾಫ್ಟ್ ಎಷ್ಟು ತಿರುಗಿತು ಅಂತ ಎಣಿಸಿ. ಒಂದು ಚಕ್ರ ಹಿಡಿದು ಇನ್ನೊಂದನ್ನೇ ತಿರುಗಿಸಿದರೆ ಡಿಫರೆನ್ಷಿಯಲ್ ಕಾರಣ ಅರ್ಧ ಲೆಕ್ಕವೇ ಬರುತ್ತದೆ, ಅದಕ್ಕೇ ಎರಡೂ ಒಟ್ಟಿಗೆ ಅಂದಿದ್ದು.

ವೇಗವನ್ನು ಮೊಬೈಲಿನ ಜಿಪಿಎಸ್‌ನಲ್ಲಿ ನೋಡಿ. ಗೇರ್‌ಬಾಕ್ಸ್ ಬದಲಾದ ಗಾಡಿಯ ಸ್ಪೀಡೋಮೀಟರ್ ನಂಬೋಕೆ ಆಗುವುದಿಲ್ಲ. ನಡುಕ ಅಳೆಯೋಕೆ ಫೈಫಾಕ್ಸ್ ಅನ್ನೋ ಉಚಿತ ಆಪ್ ಇದೆ, ಜರ್ಮನಿಯ ಆಖೆನ್ ವಿಶ್ವವಿದ್ಯಾಲಯದವರು ಮಾಡಿದ್ದು. ಅದರಲ್ಲಿ ಆಕ್ಸಲರೇಷನ್ ಸ್ಪೆಕ್ಟ್ರಮ್ (ಸೆಕೆಂಡಿಗೆ ಎಷ್ಟು ಸಲ ನಡುಗುತ್ತದೆ ಅಂತ ತೋರಿಸುವ ನಕ್ಷೆ) ತೆರೆದು ಮೊಬೈಲನ್ನು ಮುಂದಿನ ಸೀಟಿನ ಕಂಬಿಗೆ ಗಟ್ಟಿಯಾಗಿ ಟೇಪ್ ಸುತ್ತಿ. ಓಡಿಸುವವರು ಒಬ್ಬರು, ಮೊಬೈಲ್ ನೋಡುವವರು ಇನ್ನೊಬ್ಬರು ಇರಲಿ. 72ರಲ್ಲಿ ಓಡಿಸಿ. ಅದು ಸರಿಯಾಗಿ ಸೆಕೆಂಡಿಗೆ 20 ಮೀಟರ್, ಲೆಕ್ಕ ಸುಲಭ.

ಹಳೇ ಅಂಬಿ, ತುಮಕೂರು

ಚಕ್ರದ ಒಂದು ಸುತ್ತಿಗೆ 2.02 ಮೀಟರ್. ಚಕ್ರ 10 ಸುತ್ತಿಗೆ ಶಾಫ್ಟ್ 45 ಮತ್ತು ಅರ್ಧ. 72ರಲ್ಲಿ ಆಪ್ ಎರಡು ಶಿಖರ ತೋರಿಸಿತು. ದೊಡ್ಡದು 45 ಹರ್ಟ್ಜ್ (ಸೆಕೆಂಡಿಗೆ 45 ಸಲ) ಹತ್ತಿರ. ಆಕ್ಸಲರೇಟರ್ ಒತ್ತಿ ಹಿಡಿದಾಗ 10 ಹರ್ಟ್ಜ್ ಹತ್ತಿರ ಇನ್ನೊಂದು.

ಕಡಲ ರಸ್ತೆ, ಮಂಗಳೂರು

20 ಭಾಗಿಸು 2.02 ಅಂದರೆ 9.9. ಅಂದರೆ 10 ಹರ್ಟ್ಜ್ ಚಕ್ರದ್ದೇ ಆಯಿತಲ್ಲ. ಒಂದು ಸಲ ಡ್ರಮ್ ಬಿಚ್ಚಿ ನೋಡಿಸಿ ಸರ್.

ಲೆಕ್ಕದ ಮನುಷ್ಯ, ಮೈಸೂರು

ಸ್ವಲ್ಪ ತಡೆಯಿರಿ. 45 ಹರ್ಟ್ಜ್ ಬಗ್ಗೆ ಗೊಂದಲ ಇಲ್ಲ. ಚಕ್ರ 9.9, ಅದನ್ನು 4.55ರಿಂದ ಗುಣಿಸಿದರೆ 45. ಶಾಫ್ಟ್ ಒಂದು ಸುತ್ತಿಗೆ ಒಂದು ಸಲ ತಟ್ಟುತ್ತಿದೆ. ತೂಕ ಒಂದು ಕಡೆ ವಾಲಿದೆ, ಇಲ್ಲವೇ ಶಾಫ್ಟ್ ಬಾಗಿದೆ.

10 ಹರ್ಟ್ಜ್ ಮಾತ್ರ ಅನುಮಾನ. ಚಕ್ರದ ತೂಕ ವಾಲಿದ್ದರೆ ನ್ಯೂಟ್ರಲ್‌ನಲ್ಲೂ ತಟ್ಟುತ್ತದೆ. ಆಕ್ಸಲರೇಟರ್ ಒತ್ತಿದಾಗ ಮಾತ್ರ ಏಕೆ ಬರಬೇಕು? ತುಂಬಾ ಮೊಬೈಲುಗಳು ಸೆಕೆಂಡಿಗೆ 100 ಸಲವಷ್ಟೇ ಅಳತೆ ತೆಗೆದುಕೊಳ್ಳುತ್ತವೆ. ಅಂಥ ಮೊಬೈಲ್ 50 ಹರ್ಟ್ಜ್‌ವರೆಗಿನದ್ದನ್ನು ಮಾತ್ರ ನಿಜವಾಗಿ ನೋಡಬಲ್ಲದು. ಅದರ ಮೇಲಿನ ನಡುಕ ಮಡಚಿಕೊಂಡು ಕೆಳಗಿನ ಅಂಕಿಯಾಗಿ ಕಾಣಿಸಬಹುದು. 90 ಹರ್ಟ್ಜ್ ನಡುಕ 100ರಿಂದ ಕಳೆದು 10 ಆಗಿ ಕಾಣುತ್ತದೆ. 90 ಅಂದರೆ ಶಾಫ್ಟಿನ ವೇಗದ ಸರಿಯಾಗಿ ಎರಡು ಪಟ್ಟು. ನಿಮ್ಮ ಟೈರು, ನಿಮ್ಮ ಡಿಫರೆನ್ಷಿಯಲ್ ಲೆಕ್ಕದಲ್ಲಿ, ಅದೂ 72ರಲ್ಲಿ, ಇದು ಚಕ್ರದ ಅಂಕಿಯ ಮೇಲೆಯೇ ಬಂದು ಕೂರುತ್ತದೆ.

ಬೇರೆ ಮಾಡುವುದು ಸುಲಭ. 65ರಲ್ಲಿ ಒತ್ತಿ ಹಿಡಿದು ನೋಡಿ. ಚಕ್ರದ್ದಾದರೆ 9ಕ್ಕೆ ಇಳಿಯಬೇಕು. ಮಡಚಿ ಬಂದದ್ದಾದರೆ ಉಲ್ಟಾ, 18–19ಕ್ಕೆ ಏರಬೇಕು.

ಹಳೇ ಅಂಬಿ, ತುಮಕೂರು

65ರಲ್ಲಿ 18 ಮತ್ತು 19ರ ನಡುವೆ ನಿಂತಿತು! ಕಾಲು ಎತ್ತಿದರೆ ಮಾಯ. ದೊಡ್ಡ ಶಿಖರ 41ಕ್ಕೆ ಇಳಿಯಿತು.

ಲೆಕ್ಕದ ಮನುಷ್ಯ, ಮೈಸೂರು

ಹಾಗಾದರೆ ಎರಡು ಬೇರೆ ಬೇರೆ ದೋಷ ಇವೆ, ಎರಡೂ ಶಾಫ್ಟಿನವೇ. ಸುತ್ತಿಗೆ ಒಂದು ಸಲದ್ದು ತೂಕದ ಅಥವಾ ಬಾಗಿನ ದೋಷ. ಸುತ್ತಿಗೆ ಎರಡು ಸಲದ್ದು ಕ್ರಾಸ್ ಜಾಯಿಂಟಿನ (ಶಾಫ್ಟಿನ ತುದಿಯಲ್ಲಿ ಓರೆಯಾಗಿ ತಿರುಗಲು ಬಿಡುವ ಕೀಲಿನ) ಕೋನದ ದೋಷ. ಚಕ್ರ, ಡ್ರಮ್, ಕ್ರೌನ್ ಪಿನಿಯನ್ ಯಾವುದನ್ನೂ ಮುಟ್ಟಬೇಕಿಲ್ಲ.

ಸಣ್ಣ ತೂಕ ಏನು ಮಾಡೀತು ಅನ್ನಿಸಬಹುದು. ಶಾಫ್ಟಿನ ಮಧ್ಯದಿಂದ 3.5 ಸೆಂ.ಮೀ. ದೂರದಲ್ಲಿ 10 ಗ್ರಾಂ ಬೆಸುಗೆ ಜಾಸ್ತಿ ಕೂತಿದೆ ಅಂದುಕೊಳ್ಳಿ. ನಿಮಿಷಕ್ಕೆ 3000 ಸುತ್ತಿನಲ್ಲಿ ಅದು ಸುಮಾರು 3.5 ಕೆ.ಜಿ. ಭಾರದಷ್ಟು ಬಲದಿಂದ ಶಾಫ್ಟನ್ನು ಹೊರಗೆ ಎಳೆಯುತ್ತದೆ, ಅದೂ ಸೆಕೆಂಡಿಗೆ 50 ಸಲ ಸುತ್ತಲೂ ದಿಕ್ಕು ಬದಲಿಸುತ್ತಾ. ವೇಗ ಅರ್ಧ ಆದರೆ ಬಲ ಕಾಲು ಭಾಗಕ್ಕೆ ಇಳಿಯುತ್ತದೆ. ಊರೊಳಗೆ ಗಾಡಿ ಚೆನ್ನಾಗಿರುವುದು, ಹೆದ್ದಾರಿಯಲ್ಲಿ ಕಾಡುವುದು ಇದಕ್ಕೇ.

ಲೇತ್ ಮನೆ, ಹುಬ್ಬಳ್ಳಿ

ಶಾಫ್ಟ್ ಇಳಿಸುವ ಮೊದಲು ಗಾಡಿಯಲ್ಲೇ ನೋಡಬೇಕಾದ್ದು ತುಂಬಾ ಇದೆ. ಮುಂದಿನ ಚಕ್ರಕ್ಕೆ ಎರಡೂ ಕಡೆ ಕಲ್ಲು ಕೊಡಿ. ಹಿಂದಿನ ಆಕ್ಸಲ್ ಗಟ್ಟಿ ಸ್ಟ್ಯಾಂಡ್ ಮೇಲೆ ಇರಲಿ, ಬರೀ ಜಾಕಿ ನಂಬಿ ಕೆಳಗೆ ಹೋಗಬೇಡಿ. ಎಂಜಿನ್ ಓಡುವಾಗ ಕೆಳಗೆ ಯಾರೂ ಇರಬಾರದು.

ಶಾಫ್ಟ್ ಕೈಯಲ್ಲಿ ಹಿಡಿದು ಜಾಯಿಂಟಿನ ಎರಡೂ ಕಡೆ ಮೇಲೆ ಕೆಳಗೆ ಅಲ್ಲಾಡಿಸಿ. ಕ್ರಾಸಿನಲ್ಲಿ ಕಣ್ಣಿಗೆ ಕಾಣುವಷ್ಟು ಪ್ಲೇ ಇದ್ದರೆ ಅದು ಮುಗಿದಿದೆ. ಬೇರಿಂಗ್ ಕಪ್ಪಿನ ಸುತ್ತ ಕೆಂಪು ಪುಡಿ ಇದ್ದರೆ ಗ್ರೀಸ್ ಒಣಗಿ ಸೂಜಿ ಬೇರಿಂಗ್ ತುಕ್ಕು ಹಿಡಿದಿದೆ ಅಂತ ಅರ್ಥ. ಪಿನಿಯನ್ ಫ್ಲಾಂಜ್ (ಶಾಫ್ಟ್ ಡಿಫರೆನ್ಷಿಯಲ್‌ಗೆ ಸೇರುವ ತಟ್ಟೆ) ಅಲ್ಲಾಡಿಸಿ, ಅಲ್ಲಿ ಆಟ ಇರಬಾರದು. ಗೇರ್‌ಬಾಕ್ಸಿನ ಹಿಂದಿನ ಬುಷ್ ಕೂಡ ನೋಡಿ.

ಆಮೇಲೆ ಡಯಲ್ ಗೇಜ್ (ಸಣ್ಣ ಓಲಾಟ ಅಳೆಯುವ ಸಾಧನ) ಇಟ್ಟು ಶಾಫ್ಟನ್ನು ಕೈಯಲ್ಲಿ ನಿಧಾನವಾಗಿ ತಿರುಗಿಸಿ. ಮುಂದೆ, ಮಧ್ಯ, ಹಿಂದೆ, ಮೂರು ಕಡೆ ಅಳೆಯಿರಿ. ಪೇಂಟ್, ತುಕ್ಕು ಕೆರೆದು ಅಳೆಯಬೇಕು, ಇಲ್ಲದಿದ್ದರೆ ಸುಮ್ನೆ ತಪ್ಪು ಅಂಕಿ. ಅರ್ಧ ಮಿಲಿಮೀಟರಿಗಿಂತ ಜಾಸ್ತಿ ಬಂದರೆ ಬ್ಯಾಲೆನ್ಸಿಂಗ್ ಮಾಡಿಸಿ ಮುಚ್ಚುವ ಕೆಲಸ ಬೇಡ. ಬಾಗಿರುವುದನ್ನು ಮೊದಲು ಸರಿ ಮಾಡಬೇಕು.

ಯೋಕ್‌ಗಳ (ಕ್ರಾಸ್ ಹಿಡಿಯುವ ಕವೆಗಳ) ಸಾಲು ಮುಖ್ಯ. ಶಾಫ್ಟಿನ ಎರಡು ತುದಿಯ ಯೋಕ್ ಕಿವಿಗಳು ಒಂದೇ ಸಮತಲದಲ್ಲಿ ಇರಬೇಕು. ಕತ್ತರಿಸಿ ಬೆಸೆಯುವಾಗ ಕಣ್ಣಂದಾಜಿನಲ್ಲಿ ಕೂರಿಸಿದರೆ ಕೆಲವು ಡಿಗ್ರಿ ತಿರುಚಿಕೊಳ್ಳುತ್ತದೆ. ಶಾಫ್ಟಿನಲ್ಲಿ ಜಾರುವ ಸ್ಪ್ಲೈನ್ (ಹಲ್ಲಿರುವ ಕೂಡು) ಇದ್ದರೆ ಬಿಚ್ಚುವ ಮೊದಲೇ ಎರಡೂ ಕಡೆ ಪಂಚ್ ಗುರುತು ಹಾಕಿ. ಹಳೇ ಹಾರ್ಡಿ ಸ್ಪೈಸರ್ ಶಾಫ್ಟುಗಳಲ್ಲಿ ಬಾಣದ ಗುರುತು ಇರುತ್ತದೆ, ಬಾಣಕ್ಕೆ ಬಾಣ ಸೇರಬೇಕು. ಒಂದು ಹಲ್ಲು ಆಚೀಚೆ ಆದರೂ ಜಾಯಿಂಟುಗಳ ಏರಿಳಿತ ಒಂದನ್ನೊಂದು ರದ್ದು ಮಾಡುವುದಿಲ್ಲ.

ಶಾಫ್ಟ್ ನೇರ ಇದ್ದು ತೂಕದ್ದಷ್ಟೇ ದೋಷ ಅನ್ನಿಸಿದರೆ ಹೋಸ್ ಕ್ಲಿಪ್ ಪರೀಕ್ಷೆ ಮಾಡಬಹುದು. ಶಾಫ್ಟಿನ ಹಿಂದಿನ ತುದಿಗೆ ಒಂದು ಕ್ಲಿಪ್ ಬಿಗಿದು, ಸ್ಕ್ರೂ ತಲೆಯನ್ನು ಕಾಲು ಕಾಲು ಸುತ್ತು ಸರಿಸುತ್ತಾ ಓಡಿಸಿ ನೋಡುವುದು. ಯಾವ ಜಾಗದಲ್ಲಿ ನಡುಕ ಕಡಿಮೆಯೋ ಅದರ ಎದುರಿನ ಕಡೆ ಭಾರ ಇದೆ. ಕ್ಲಿಪ್ ಸಡಿಲ ಆಗದಂತೆ, ನೆಲದ ತಗಡಿಗೆ ತಾಗದಂತೆ ನೋಡಿಕೊಳ್ಳಿ. ಇದು ಕಾರಣ ಖಚಿತ ಮಾಡಿಕೊಳ್ಳುವುದಕ್ಕೆ. ಯಂತ್ರದ ಬ್ಯಾಲೆನ್ಸಿಂಗ್ ಬೇರೆಯೇ.

ಡುಕ್ಕರ್ ಪ್ರೇಮಿ, ದಾವಣಗೆರೆ

ನಡುವೆ ಬಂದಿದ್ದಕ್ಕೆ ಕ್ಷಮಿಸಿ. ನನ್ನದು ಪ್ರೀಮಿಯರ್ ಪದ್ಮಿನಿ. ಗಾಡಿ ಎತ್ತುವಾಗ, 15–30ರ ವೇಗದಲ್ಲಿ ಗಡಗಡ ಅನ್ನುತ್ತದೆ. ಮೇಲೆ ಹೋದರೆ ಸರಿ. ಇದೇ ಲೆಕ್ಕ ಹಾಕಬಹುದಾ?

ಲೇತ್ ಮನೆ, ಹುಬ್ಬಳ್ಳಿ

ಅಣ್ಣ, ನಿಮ್ಮದು ಬೇರೆ. ಪದ್ಮಿನಿಯಲ್ಲಿ ಶಾಫ್ಟ್ ಎರಡು ತುಂಡು, ನಡುವೆ ರಬ್ಬರಿನಲ್ಲಿ ಕೂತ ಬೇರಿಂಗ್. ಎತ್ತುವಾಗ ಟಾರ್ಕ್ (ತಿರುಗಿಸುವ ಬಲ) ಜಾಸ್ತಿ. ರಬ್ಬರ್ ಕುಸಿದಿದ್ದರೆ ನಡುವಿನ ಜಾಯಿಂಟ್ ಕುಣಿಯುತ್ತದೆ. ಮೊದಲು ಆ ಸೆಂಟರ್ ಬೇರಿಂಗ್ ರಬ್ಬರ್ ನೋಡಿಸಿ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹುಡುಕಿ ನೋಡಿ. ತೆಗೆದುಕೊಳ್ಳುವಾಗ ರಬ್ಬರ್ ಮಡಚಿ ನೋಡಿ, ಅಂಗಡಿಯಲ್ಲೇ ಒಣಗಿ ಬಿರುಕು ಬಿಟ್ಟದ್ದು ಬೇಡ.

ಹಳೇ ಅಂಬಿ, ತುಮಕೂರು

ಶಾಫ್ಟ್ ಕೆಲಸ ಮುಗಿಯಿತು. ಬೆಸುಗೆ ಹಾಕಿದ ಜಾಗದ ಹತ್ತಿರ ಡಯಲ್ ಗೇಜಿನಲ್ಲಿ 1.2 ಮಿ.ಮೀ. ಬಂತು. ಯೋಕ್‌ಗಳ ಸಾಲು ಅದೃಷ್ಟಕ್ಕೆ ಸರಿ ಇತ್ತು. ಹಿಂದಿನ ಕ್ರಾಸಿನ ಎರಡು ಕಪ್ಪು ಒಣಗಿದ್ದವು. ಬೆಂಗಳೂರಿನಲ್ಲಿ ಲಾರಿ ಶಾಫ್ಟ್ ಕೆಲಸ ಮಾಡುವವರಲ್ಲಿ ಹೊಸ ಟ್ಯೂಬ್ ಹಾಕಿಸಿ, ಎರಡೂ ಕ್ರಾಸ್ ಬದಲಾಯಿಸಿ, ಯಂತ್ರದ ಮೇಲೆ ಬ್ಯಾಲೆನ್ಸಿಂಗ್ ಮಾಡಿಸಿದೆ. ಹಳೇ ಟ್ಯೂಬನ್ನೇ ಮತ್ತೆ ಬಿಸಿ ಮಾಡಿ ನೇರ ಮಾಡುವುದು ಬೇಡ ಅಂತ ಅವರೇ ಹೇಳಿದರು, ನನಗೂ ಸರಿ ಅನ್ನಿಸಿತು.

45 ಹರ್ಟ್ಜ್ ಶಿಖರ ಈಗ ಹುಡುಕಿದರೆ ಮಾತ್ರ ಕಾಣುತ್ತದೆ. ಕನ್ನಡಿ ಸ್ಪಷ್ಟವಾಗಿದೆ. ಒತ್ತಿದಾಗ ಬರುವ ದಪ್ಪ ಗದ್ದಲ ಮಾತ್ರ ಹಾಗೇ ಇದೆ.

ಲೆಕ್ಕದ ಮನುಷ್ಯ, ಮೈಸೂರು

ಅದು ಹಾಗೇ ಇರಬೇಕು, ಕೋನ ಮುಟ್ಟಿಲ್ಲವಲ್ಲ. ಕ್ರಾಸ್ ಜಾಯಿಂಟ್ ಕೋನದಲ್ಲಿ ತಿರುಗುವಾಗ ಆಚೆ ಕಡೆಯ ವೇಗ ಒಂದೇ ಸಮ ಇರುವುದಿಲ್ಲ. ಪ್ರತಿ ಸುತ್ತಿನಲ್ಲಿ ಎರಡು ಸಲ ಏರಿ ಇಳಿಯುತ್ತದೆ. ಕೋನ ಎರಡು ಪಟ್ಟಾದರೆ ಈ ಏರಿಳಿತ ನಾಲ್ಕು ಪಟ್ಟು. ಹಿಂದಿನ ಜಾಯಿಂಟಿನ ಕೋನವೂ ಮುಂದಿನದರಷ್ಟೇ ಇದ್ದರೆ ಒಂದರ ಏರಿಳಿತವನ್ನು ಇನ್ನೊಂದು ಅಳಿಸುತ್ತದೆ.

ಅಳೆಯುವಾಗ ಗಾಡಿ ತನ್ನ ಚಕ್ರದ ಮೇಲೇ ನಿಂತಿರಬೇಕು. ಆಕ್ಸಲ್ ನೇತಾಡುತ್ತಿದ್ದರೆ ಕಮಾನ್ ಪಟ್ಟಿ ಇಳಿದು ಕೋನ ಎಲ್ಲಾ ಬದಲಾಗುತ್ತದೆ. ಗುಂಡಿ ಇರುವ ಗ್ಯಾರೇಜ್ ಇದಕ್ಕೆ ಒಳ್ಳೆಯದು. ಡಿಜಿಟಲ್ ಕೋನಮಾಪಕ ಇಟ್ಟು ಗೇರ್‌ಬಾಕ್ಸ್, ಶಾಫ್ಟ್, ಪಿನಿಯನ್ ಮೂರರ ಇಳಿಜಾರು ಬರೆದುಕೊಳ್ಳಿ. ಫ್ಲಾಂಜಿನ ಮೇಲೆ ಇಟ್ಟರೆ 90 ಡಿಗ್ರಿಯ ವ್ಯತ್ಯಾಸ ನೆನಪಿರಲಿ.

ಹಳೇ ಅಂಬಿ, ತುಮಕೂರು

ಮೂರೂ ಹಿಂದಕ್ಕೆ ಇಳಿಯುತ್ತವೆ. ಗೇರ್‌ಬಾಕ್ಸ್ 1.0, ಶಾಫ್ಟ್ 4.5, ಪಿನಿಯನ್ 3.0 ಡಿಗ್ರಿ. ಗೇರ್‌ಬಾಕ್ಸಿನ ಹಿಂದಿನ ಫೌಂಡೇಶನ್ ರಬ್ಬರ್ ಮತ್ತು ಕ್ರಾಸ್ ಮೆಂಬರ್ (ಅಡ್ಡ ತೊಲೆ) ನಡುವೆ ದಪ್ಪ ಕಬ್ಬಿಣದ ತಟ್ಟೆಗಳನ್ನು ಇಟ್ಟಿದ್ದಾರೆ, ಒಟ್ಟು 22 ಮಿ.ಮೀ.

ಲೆಕ್ಕದ ಮನುಷ್ಯ, ಮೈಸೂರು

ತಟ್ಟೆಗಳೇ ಕಾರಣ, ಗೇರ್‌ಬಾಕ್ಸಿನ ಹಿಂಬದಿಯನ್ನು ಎತ್ತಿಬಿಟ್ಟಿವೆ. ಮುಂದಿನ ಜಾಯಿಂಟಿನ ಕೋನ 4.5ರಲ್ಲಿ 1.0 ಕಳೆದು 3.5. ಹಿಂದಿನದು 4.5ರಲ್ಲಿ 3.0 ಕಳೆದು 1.5. ಎರಡರ ವರ್ಗ ಮಾಡಿ ಕಳೆಯಿರಿ: 12.25ರಲ್ಲಿ 2.25 ಹೋದರೆ 10. ಇದರ ವರ್ಗಮೂಲ 3.2. ಅಂದರೆ 3.2 ಡಿಗ್ರಿಯ ಒಂಟಿ ಜಾಯಿಂಟ್ ಇಟ್ಟಷ್ಟು ಏರಿಳಿತ ಉಳಿದಿದೆ.

ಒತ್ತಿದಾಗ ಏಕೆ ಜಾಸ್ತಿ ಅಂದರೆ, ಕಮಾನ್ ಪಟ್ಟಿಯ ಗಾಡಿಯಲ್ಲಿ ಎಳೆತ ಬಿದ್ದಾಗ ಪಿನಿಯನ್ ಮೂತಿ ಮೇಲೇಳುತ್ತದೆ. ಒಂದು ಡಿಗ್ರಿ ಎದ್ದರೆ ಹಿಂದಿನ ಕೋನ 0.5ಕ್ಕೆ ಇಳಿದು ಉಳಿಕೆ 12 ಆಗುತ್ತದೆ. ಕಾಲು ಎತ್ತಿ ಮೂತಿ ಒಂದು ಡಿಗ್ರಿ ಬಾಗಿದರೆ ಹಿಂದಿನ ಕೋನ 2.5, ಉಳಿಕೆ 6. ಎರಡು ಪಟ್ಟು ವ್ಯತ್ಯಾಸ. ನ್ಯೂಟ್ರಲ್‌ನಲ್ಲಿ ಟಾರ್ಕೇ ಇಲ್ಲ, ಗದ್ದಲವೂ ಇಲ್ಲ.

ಘಾಟಿ ರಸ್ತೆ, ಸಕಲೇಶಪುರ

ಪಿನಿಯನ್ ಮೂತಿ ಒಂದು ಡಿಗ್ರಿಗಿಂತ ಜಾಸ್ತಿ ಏಳುತ್ತಿದ್ದರೆ ಯು ಬೋಲ್ಟ್ ಮತ್ತು ಪಟ್ಟಿಯ ಬುಷ್ ಕೂಡ ನೋಡಿ. ನಮ್ಮ ಅಂಬಿಯಲ್ಲಿ ಸೆಂಟರ್ ಬೋಲ್ಟ್ ಸವೆದು ಆಕ್ಸಲ್ ಪಟ್ಟಿಯ ಮೇಲೆ ಹೊರಳುತ್ತಿತ್ತು. ಶಿರಾಡಿ ಘಾಟಿ ಹತ್ತುವಾಗ ಮಾತ್ರ ಗದ್ದಲ.

ಇನ್ನೊಂದು ಪ್ರಶ್ನೆ. ಕೆಲವರು ಆಕ್ಸಲ್ ಮತ್ತು ಪಟ್ಟಿಯ ನಡುವೆ ಓರೆ ತಟ್ಟೆ ಹಾಕಿ ಪಿನಿಯನ್ ಕೋನ ತಿದ್ದುತ್ತಾರೆ. ಇಲ್ಲಿ ಅದು ಬೇಕಾ?

ಲೇತ್ ಮನೆ, ಹುಬ್ಬಳ್ಳಿ

ಇಲ್ಲಿ ಬೇಡ. ಪಿನಿಯನ್ ಗಾಡಿ ಹುಟ್ಟಿದಾಗಿನ ಜಾಗದಲ್ಲೇ ಇದೆ. ಬದಲಾದದ್ದು ಗೇರ್‌ಬಾಕ್ಸಿನ ಬಾಲ. ಕೆಟ್ಟ ತುದಿಯನ್ನೇ ತಿದ್ದಬೇಕು. ತಟ್ಟೆ ತೆಗೆದು ಬಾಲ ಇಳಿಸಿ. ಇಳಿಸುವ ಮೊದಲು ಸೈಲೆನ್ಸರ್ ಪೈಪ್, ಹ್ಯಾಂಡ್ ಬ್ರೇಕ್ ಕೇಬಲ್, ರೇಡಿಯೇಟರ್ ಮತ್ತು ಫ್ಯಾನ್ ನಡುವಿನ ಜಾಗ, ಗೇರ್ ಲಿವರ್ ರಂಧ್ರ ಎಲ್ಲಾ ನೋಡಿ. ಎಂಜಿನ್ನಿನ ಮುಂದಿನ ಎರಡು ಫೌಂಡೇಶನ್ ಬೋಲ್ಟ್ ಸಡಿಲ ಮಾಡಿ, ಬಾಲ ಇಳಿದ ಮೇಲೆ ಬಿಗಿಯಿರಿ. ಇಲ್ಲದಿದ್ದರೆ ರಬ್ಬರ್ ತಿರುಚಿಕೊಂಡೇ ಕೂರುತ್ತದೆ, ಅದರಿಂದ ಬೇರೆ ನಡುಕ ಬರುತ್ತದೆ.

ಕೋನ ಸೊನ್ನೆ ಆಗಲಿ ಅಂತ ಹೋಗಬೇಡಿ. ಸೊನ್ನೆಯಲ್ಲಿ ಸೂಜಿ ಬೇರಿಂಗ್ ಹೊರಳುವುದೇ ಇಲ್ಲ, ಒಂದೇ ಜಾಗದಲ್ಲಿ ಕುಟ್ಟಿ ಕುಳಿ ಬೀಳುತ್ತದೆ. ಅರ್ಧ ಡಿಗ್ರಿಯಾದರೂ ಇರಲಿ.

ಹಳೇ ಅಂಬಿ, ತುಮಕೂರು

ತಟ್ಟೆಗಳನ್ನು ತೆಗೆದು ಹಿಂದಿನ ಫೌಂಡೇಶನ್ ರಬ್ಬರ್ ಹೊಸದು ಹಾಕಿದೆವು. ಈಗ ಗೇರ್‌ಬಾಕ್ಸ್ 2.5, ಶಾಫ್ಟ್ 3.5, ಪಿನಿಯನ್ 3.0. ಮುಂದೆ 1.0, ಹಿಂದೆ 0.5. ಮೈಸೂರು ಸರ್ ಲೆಕ್ಕದಲ್ಲಿ ಉಳಿಕೆ 10ರಿಂದ 0.75ಕ್ಕೆ ಇಳಿಯಿತು. ಒತ್ತಿದಾಗ ಮೂತಿ ಒಂದು ಡಿಗ್ರಿಗಿಂತ ಸ್ವಲ್ಪ ಜಾಸ್ತಿ ಎದ್ದರೂ ಎರಡು ಕಡೆಯ ಕೋನ ಹತ್ತಿರ ಹತ್ತಿರವೇ ಇರುತ್ತದೆ.

ಶಿರಾ ದಾಟಿ ಹಿರಿಯೂರಿನವರೆಗೆ ಮನೆಯವರನ್ನೆಲ್ಲ ಕೂರಿಸಿಕೊಂಡು ಹೋಗಿ ಬಂದೆ. 85ರಲ್ಲಿ ಹಿಂದಿನ ಸೀಟಿನವರ ಜೊತೆ ಮಾಮೂಲಿ ದನಿಯಲ್ಲಿ ಮಾತಾಡಬಹುದು. ಕ್ರೌನ್ ಪಿನಿಯನ್ ಮುಟ್ಟಲೇ ಇಲ್ಲ. ಎಲ್ಲರಿಗೂ ತುಂಬಾ ಧನ್ಯವಾದ. ಕೊನೆಯ ಪ್ರಶ್ನೆ, ಹೊಸ ಕ್ರಾಸಿಗೆ ಗ್ರೀಸ್ ಯಾವಾಗ?

ಲೇತ್ ಮನೆ, ಹುಬ್ಬಳ್ಳಿ

ತುಂಬಾ ಖುಷಿಯಾಯಿತು. ನಿಪ್ಪಲ್ ಇರುವ ಕ್ರಾಸ್ ಆದರೆ ಪ್ರತಿ ಸರ್ವಿಸಿಗೆ ಗ್ರೀಸ್ ಹೊಡೆಸಿ, ನಾಲ್ಕೂ ಕಪ್ಪಿನಿಂದ ಹೊಸ ಗ್ರೀಸ್ ಇಣುಕುವವರೆಗೆ. ಮೂರರಲ್ಲಿ ಬಂದು ಒಂದರಲ್ಲಿ ಬಾರದಿದ್ದರೆ ಆ ಕಪ್ಪು ಮೊದಲು ಸಾಯುತ್ತದೆ. ಶಾಫ್ಟನ್ನು ಸ್ವಲ್ಪ ಅಲ್ಲಾಡಿಸಿ ಮತ್ತೆ ಹೊಡೆಯಿರಿ. ಸ್ಪ್ಲೈನಿಗೂ ನಿಪ್ಪಲ್ ಇದ್ದರೆ ಮರೆಯಬೇಡಿ. ಫ್ಲಾಂಜಿನ ಬೋಲ್ಟ್ ಮತ್ತು ಹಿಂದಿನ ಯು ಬೋಲ್ಟ್‌ಗಳನ್ನು ಕೆಲವು ನೂರು ಕಿಲೋಮೀಟರ್ ಓಡಿಸಿದ ಮೇಲೆ ಮತ್ತೊಮ್ಮೆ ಬಿಗಿ ನೋಡಿಸಿ. ಸ್ಪೀಡೋಮೀಟರ್ ಗೇರ್ ಕೂಡ ಹೊಸ ಬಾಕ್ಸಿಗೆ ಹೊಂದಿಸಬೇಕು, ಅದಕ್ಕೆ ಇನ್ನೊಂದು ಚರ್ಚೆ ಶುರು ಮಾಡಿ.